ಎದುರುಬದುರು ಹೊಲಿದ ಕೌದಿ

…ಅಥವಾ ಆ ವಾಸನೆ ಕೌದಿಯದು ಇರಲಿಕ್ಕಿಲ್ಲ, ಕೌದಿಗಳನ್ನು ಮಡಚಿಡುತ್ತಿದ್ದ ಜೋಳದ ಕೋಣೆಯದು ಇದ್ದೀತು. ತೊಳೆದು ತೊಳೆದು ತೆಳ್ಳಗಾದ ಹತ್ತಿಬಟ್ಟೆ, ಒಣಗಿದ ಬೇವಿನೆಲೆ, ಒಂದಿಷ್ಟು ಒಲೆಯ ಹೊಗೆ. ಕಲಘಟಗಿಯಲ್ಲಿ ನಾನು ಲಾಂಗ್ ಆರ್ಮ್ ಹೊಲಿಗೆ ಕಲಿಯಲು ಹೋಗುವ ಶೆಡ್ಡಿನಲ್ಲಿ ಮೊನ್ನೆ ಯಂತ್ರ ಬಿಸಿಯಾಗಿ, ಅದರಡಿಯ ಹಳೇ ಸೀರೆಯಿಂದ ಅದೇ ವಾಸನೆ ಎದ್ದಿತು. ಎದ್ದಿತೆಂದು ನನಗೆ ಅನಿಸಿತು. ಆ ಯಂತ್ರಕ್ಕೆ ಕುದುರೆಯ ಕತ್ತಿನಂಥ ಉದ್ದನೆಯ ತೋಳು. ಬಟ್ಟೆಯ ಪದರುಗಳನ್ನು ದೊಡ್ಡ ಚೌಕಟ್ಟಿಗೆ ಬಿಗಿದಿರುತ್ತಾರೆ. ಬಟ್ಟೆ ಅಲುಗುವುದಿಲ್ಲ, ಹಿಡಿಕೆ ಹಿಡಿದು ಯಂತ್ರವನ್ನೇ ಅದರ ಮೇಲೆ ಓಡಿಸಬೇಕು. ನೋಡುನೋಡುತ್ತ ಬಳ್ಳಿ ಹಬ್ಬುತ್ತದೆ, ಎಲೆ ಮೂಡುತ್ತದೆ. ನನಗೆ ಇನ್ನೂ ಮೈ ಜುಮ್ಮೆನ್ನುತ್ತದೆ. "ಅಕ್ಕಾರ, ದೂಡಬ್ಯಾಡ್ರಿ, ಎಮ್ಮಿ ಅಲ್ಲರಿ ಅದು. ಸುಮ್ನ ಕೈ ಹಚ್ಚಿ ನಡಸ್ರಿ" ಎಂದು ಕಲಿಸುವ ರೇಷ್ಮಾ ನಗುತ್ತಾಳೆ. ಭಾನುವಾರ ನಾವೆಲ್ಲ ಹವ್ಯಾಸಕ್ಕೆ ಹೊಲಿದದ್ದನ್ನು ತಂದು ಚಾಪೆಯ ಮೇಲೆ ಹರಡಿ, ಒಬ್ಬರದನ್ನೊಬ್ಬರು ಮುಟ್ಟಿ ನೋಡಿ, ಫೋಟೋ ಹಂಚಿಕೊಳ್ಳುತ್ತೇವೆ. ಕಳೆದ ವಾರ ಯಾರೋ, "ನಿಮ್ಮನ್ಯಾಗ ಯಾರು ಹೊಲೀತಿದ್ರರಿ?" ಎಂದರು. ಹೇಳಲು ಹೋಗಿ ತಡವರಿಸಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಬಮ್ಮಿಗಟ್ಟಿಯಲ್ಲಿ ನಮ್ಮದು ಒಂದೇ ಮನೆಯಾಗಿತ್ತು, ಆಮೇಲೆ ಎರಡಾಯಿತು. ನಡುವೆ ಮಣ್ಣಿನ ಗೋಡೆ ಎದ್ದಿತು. ಈಚೆ ನಮ್ಮ ಆಯಿ, ಅಂದರೆ ಅಪ್ಪನ ತಾಯಿ. ಆಚೆ ಅವಳ ನೆಗೆಣ್ಣಿ, ಅಜ್ಜನ ತಮ್ಮನ ಹೆಂಡತಿ, ನಾವು ಸಣ್ಣಾಯಿ ಅನ್ನುತ್ತಿದ್ದವಳು. ಇಬ್ಬರ ನಡುವೆ ಮಾತು ನಿಂತಿತ್ತು. ಏಕೆಂದು ಕೇಳಿದವರೆಲ್ಲ ನನಗೆ ಬೇರೆ ಬೇರೆ ಕಾರಣ ಹೇಳಿದ್ದಾರೆ. ಆಗ ಗಿರಿಜತ್ತಿ ಚೊಚ್ಚಲ ಬಾಣಂತನಕ್ಕೆ ಬಂದಳು. ಆಯಿ ಹೆತ್ತ, ಸಣ್ಣಾಯಿ ಎತ್ತಿ ಆಡಿಸಿದ ಮಗಳು. ಕೂಸಿಗೆ ಕೌದಿ ತವರಿನಿಂದಲೇ ಹೋಗಬೇಕು. ಇಬ್ಬರೂ ತಮ್ಮತಮ್ಮ ಕಡೆ ಹಳೇ ಸೀರೆ ಹರಿಯತೊಡಗಿದ್ದು ತಿಳಿದು ಗಿರಿಜತ್ತಿ ಬಾಗಿಲಲ್ಲಿ ನಿಂತು, ಎರಡೂ ಮನೆಗೆ ಕೇಳುವಂತೆ ಹೇಳಿದಳು: "ಇಬ್ರೂ ಕೂಡಿ ಹೊಲಿದ್ರ ಒಂದು ಕೌದಿ ಒಯ್ತೀನಿ. ಇಲ್ಲಂದ್ರ ಕೂಸನ್ನ ಬರೀ ಚಾಪಿ ಮ್ಯಾಲ ಮಲಗಸ್ತೀನಿ. ಆಮ್ಯಾಲ ನಮ್ಮ ಅತ್ತಿ ಏನಂತಾಳೋ ಅದನ್ನ ನೀವ ಕೇಳ್ರಿ."

ಹಾಗೆ ಸಣ್ಣಾಯಿ ನಮ್ಮ ಪಡಸಾಲೆಗೆ ಬಂದಳು. ಬಿಸಿಲು ಬಿದ್ದಿತ್ತು ಎಂದು ಬರೆಯಬೇಕೆನಿಸುತ್ತದೆ, ಆದರೆ ಆ ಪಡಸಾಲೆಗೆ ಬಿಸಿಲು ಬರುತ್ತಲೇ ಇರಲಿಲ್ಲ. ನಡುವಿನ ತುಂಡು ಕೆಂಪು ಇಳಕಲ್ ಸೀರೆಯದೆಂದು ನನ್ನ ನೆನಪು. ಹಸಿರು ಎನ್ನುತ್ತಾಳೆ ಗಿರಿಜತ್ತಿ. ಹೊಲಿದ ರೀತಿ ಮಾತ್ರ ಸುಳ್ಳಲ್ಲ. ಕೌದಿಯ ಹೊಲಿಗೆ ಅಂಚಿನಿಂದ ಶುರುವಾಗಿ, ಬೆರಳಗಲ ಬಿಟ್ಟು ಸುತ್ತು ಹಾಕುತ್ತ ಒಳಕ್ಕೆ ಹೋಗುತ್ತದೆ. ಇಬ್ಬರು ಎದುರುಬದುರಿನ ಮೂಲೆಗಳಿಂದ ಹೊರಟರೆ, ಒಬ್ಬಳು ಸಾಗಿದ ಹಾದಿಯ ಪಕ್ಕದಲ್ಲೇ ಇನ್ನೊಬ್ಬಳು ಬರಬೇಕು. ಆಯಿಯ ಹೊಲಿಗೆ ಸಾಸಿವೆಯಷ್ಟು ಸಣ್ಣದು, ಸಣ್ಣಾಯಿಯದು ಅಕ್ಕಿಯಷ್ಟು ಉದ್ದ. ಮೊದಲ ದಿನ ಅವರ ನಡುವೆ ಇಡೀ ಕೌದಿ ಇತ್ತು. ನಡುವೆ ಕೂತ ನನ್ನ ಮೂಲಕ ಮಾತು ದಾಟುತ್ತಿತ್ತು.

"ಏ ಹುಡುಗಿ, ನಿಮ್ಮ ಸಣ್ಣಾಯಿಗೆ ಹೇಳು, ಸೂಜಿ ಹಿಡದಾಳೋ ನೇಗಿಲಾ ಹಿಡದಾಳೋ ಅಂತ."

"ನಿಮ್ಮ ಆಯಿಗೆ ಹೇಳು, ಹಿಂಗ ಇರಿವಿ ಹಂಗ ಹರದಾಡಿದ್ರ ಕೂಸು ಸಾಲಿಗೆ ಹೋಗೂ ಹೊತ್ತಿಗೆ ಕೌದಿ ಮುಗೀತೈತಿ."

ನಾನು ಹೇಳುವ ಮೊದಲೇ ಅವರು ಕೇಳಿಸಿಕೊಂಡಿರುತ್ತಿದ್ದರು. ಆದರೂ ಹೇಳಲೇಬೇಕಿತ್ತು. ದಿನ ಕಳೆದಂತೆ ಸುತ್ತು ಕಿರಿದಾಯಿತು, ಅವರು ಹತ್ತಿರವಾದರು. ಬೈಗುಳ ಕಡಿಮೆಯಾಯಿತು, ಏಕೆಂದರೆ ಮುಖ ಎತ್ತಿದರೆ ಕಣ್ಣಿಗೆ ಕಣ್ಣು ಸಿಗುತ್ತಿತ್ತು. ಕೊನೆಗೆ ಮೊಣಕಾಲಿಗೆ ಮೊಣಕಾಲು ತಗಲುವಂತೆ ಕೂತರು. ಎರಡು ನರೆತ ತಲೆಗಳು ಒಂದು ಅಂಗೈಯಗಲದ ಜಾಗದ ಮೇಲೆ ಬಾಗಿದ್ದವು. ಅಷ್ಟು ಹತ್ತಿರ ಇದ್ದೂ ಅಷ್ಟು ಮೌನವಾಗಿರಬಲ್ಲವರನ್ನು ನಾನು ಮತ್ತೆ ನೋಡಿಲ್ಲ. ನಿಮ್ಮ ಮನೆಯಲ್ಲೂ ಅಂಥವರು ಇದ್ದರೆ ನಿಮಗೆ ಗೊತ್ತಿರುತ್ತದೆ: ಹೆದರಿಕೆ ಬರುವಂಥ ಸೊಗಸು ಅದು.

ಕೊನೆಯ ಆ ಜಾಗ ಕೌದಿಯ ಹೊಟ್ಟೆ. ಅದನ್ನು ಮುಚ್ಚುವ ಮುನ್ನ ಹೋಳಿಗೆಯದೋ ರೊಟ್ಟಿಯದೋ ಒಂದು ತುಣುಕು ಒಳಗಿಡುವುದು ನಮ್ಮ ಮನೆಯ ರೂಢಿ. ಹೊದ್ದವರನ್ನು ಕಾಯುವ ಕೌದಿ ಹಸಿದಿರಬಾರದಂತೆ. ಆಯಿ ನನಗೆ, "ನಮ್ಮ ಒಲಿ ಮುಂದ ಹೋಳಗಿ ಐತಿ, ತಾ" ಎಂದಳು. ಸಣ್ಣಾಯಿ ಸೂಜಿಯನ್ನು ಬಟ್ಟೆಗೆ ಚುಚ್ಚಿ ಕೈ ಕಟ್ಟಿದಳು. "ನಿಮ್ಮ ಆಯಿಗೆ ಹೇಳು, ಅಚ್ಚೀಕಡಿ ಮನ್ಯಾಗೂ ಒಲಿ ಉರೀತೈತಿ." ಆಯಿಯೂ ಸೂಜಿ ಬಿಟ್ಟಳು. ಒಳಕೋಣೆಯಲ್ಲಿ ಗಿರಿಜತ್ತಿಗೆ ದಿನ ತುಂಬಿತ್ತು. ಬಾಯಿ ತೆರೆದ ಕೌದಿಯಲ್ಲಿ ಕೂಸನ್ನು ಮಲಗಿಸುವಂತಿಲ್ಲ. ನಾನು ಎದ್ದು ನಮ್ಮ ಒಲೆಯಿಂದ ಒಂದು ತುಣುಕು ತೆಗೆದುಕೊಂಡೆ. ಗೋಡೆಯಲ್ಲಿ ಬಾಗಿಲಿಲ್ಲದ್ದರಿಂದ ಬೀದಿ ಸುತ್ತಿ ಹೋಗಿ ಆಚೆಯ ಒಲೆಯಿಂದ ಇನ್ನೊಂದು ತಂದೆ.

ಎರಡೂ ಕೈಯಲ್ಲಿ ಹಿಡಿದು ಬಂದು ನೋಡಿದರೆ, ಕೌದಿಯ ಹೊಟ್ಟೆ ಮುಚ್ಚಿತ್ತು. ಸಾಸಿವೆಯಂಥ ಹೊಲಿಗೆ ಯಾವುದು, ಅಕ್ಕಿಯಂಥದು ಯಾವುದು ತಿಳಿಯದ ಹಾಗೆ ಕೂಡಿಹೋಗಿತ್ತು. ಇಬ್ಬರೂ ಒಂದೇ ಕಂಬಕ್ಕೆ ಒರಗಿದ್ದರು.

"ಅಕ್ಕಾ, ಗಿರಿಜಾಗ ಸಂಜೀಕ ಸಜ್ಜಕಾ ಮಾಡೂಣೇನ?"

"ಮಾಡೂಣು. ನಿನ್ನ ಕಡೆ ತುಪ್ಪ ಐತೇನ?"

ನಡುವಿನ ಅಷ್ಟು ಕಾಲ ಇರಲೇ ಇಲ್ಲವೆಂಬಂತೆ. ನಾನು ಎರಡೂ ತುಣುಕು ಚಾಚಿದೆ. "ಹೊಟ್ಟಿ ತುಂಬೈತಿ ಅದರದು. ನೀ ತಿನ್ನಬೇ" ಎಂದಳು ಸಣ್ಣಾಯಿ. ನಿಂತಲ್ಲೇ ತಿಂದೆ.

ಈಗ ಅವರಿಬ್ಬರೂ ಇಲ್ಲ. ಗೋಡೆಯೂ ಇಲ್ಲ, ಆ ಜಾಗದಲ್ಲಿ ಯಾರದೋ ಟ್ರ್ಯಾಕ್ಟರ್ ನಿಲ್ಲುತ್ತದೆ. ಕೌದಿ ಗಿರಿಜತ್ತಿಯ ಮಕ್ಕಳೆಲ್ಲರನ್ನೂ ಹೊತ್ತು, ಸವೆದು, ಎಳೆ ಎಳೆಯಾಗಿ ಮುಗಿಯಿತು. ಆ ಮಧ್ಯಾಹ್ನ ಪಡಸಾಲೆಯಲ್ಲಿ ಏನಾಯಿತು ಎಂದು ಅವಳನ್ನು ಕೇಳಿದ್ದೇನೆ. "ನಂಗ ನಿದ್ದಿ ಹತ್ತಿತ್ತವಾ" ಎನ್ನುತ್ತಾಳೆ. ನಾನು ಬೀದಿ ಸುತ್ತಿ ಬರುವಷ್ಟರಲ್ಲಿ ಅವರು ಅದರ ಹೊಟ್ಟೆಗೆ ಏನಿಟ್ಟರು, ಮೊದಲು ಯಾರು ಯಾರನ್ನು ಮಾತಾಡಿಸಿದರು, ಏನೆಂದು ಮಾತಾಡಿಸಿದರು, ನನಗೆ ಗೊತ್ತಿಲ್ಲ.