ಎರಡೊಂಬತ್ತು ನಂಬರಿನ ಲಾರಿ

ಮೊನ್ನಿ ಮಧ್ಯಾಹ್ನ ಮಗನ ಫೋನಿಗೆ ಒಂದು ಮೆಸೇಜ್ ಬಂತು. ನಿಮ್ಮ ಕಾರು ಈಗ ಟೋಲ್ ಗೇಟ್ ದಾಟೈತಿ, ರೊಕ್ಕ ಕಟ್ ಆಗೈತಿ ಅಂತ. ಕಾರು ನೋಡಿದ್ರ ಮನಿ ಮುಂದ ಬೇವಿನ ಗಿಡದ ಕೆಳಗ ನಿಂತೈತಿ, ಅದರ ಮ್ಯಾಲೆ ಬಾಜೂಮನಿ ಮ್ಯಾಕಿ ಏರಿ ಕುಂತೈತಿ. ಮಗ ಫೋನ್ ಹಚ್ಚಿ ಟೋಲಿನವ್ರ ಜೋಡಿ ಜಗಳಕ್ಕ ನಿಂತ. ಗಾಜಿಗೆ ಹಚ್ಚಿದ ಚೀಟಿ ಓದಲಿಲ್ರಿ, ಕ್ಯಾಮರಾದಾಗ ನಿಮ್ಮ ನಂಬರ್ ಬಿದ್ದೈತಿ ಅಂತ ಆ ಕಡೆಯಿಂದ ಒಬ್ಬಾಕಿ ಹುಡುಗಿ ಮೆತ್ತಗ ಹೇಳಿದ್ಲಂತ. ಆಮ್ಯಾಲೆ ಫೋಟೋನೂ ಕಳ್ಸಿದ್ರು. ನಂಬರ್ ನಮ್ದ, ಕಾರು ಮತ್ತ್ಯಾರ್ದೋ.

ಮನಿ ಮಂದೆಲ್ಲ ಕಾರಿಗೆ ದೆವ್ವ ಬಡದೈತಿ ಅಂತ ನಕ್ರು. ಸೊಸಿ ಅಂತೂ, ಅತ್ತಿ, ನೀವ ಹಿಂದ್ಲ ಬಾಗಲದಿಂದ ಹೊಡ್ಕೊಂಡು ಹೋಗಿದ್ರೇನು ಅಂತ ಕೇಳಿದ್ಲು. ಬ್ಯಾರೆ ದಿನ ಆಗಿದ್ರ, ಹೌದವ್ವ, ಹಂಪಿಗೆ ಹೋಗಿ ಒಂದು ಚಾ ಕುಡದು ಬಂದೆ ಅಂತಿದ್ದೆ. ಅವತ್ತು ನಗು ಬರ್ಲಿಲ್ಲ. ಆ ಫೋಟೋ ನೋಡಿದಾಗಿಂದ ಎದಿಯಾಗ ಒಂದು ಹಳೇದು ಎದ್ದು ಕುಂತೈತಿ, ಅದನ್ನ ಬರೀತೀನಿ. ಈಗೀಗ ಫೋನಿನಾಗ ಒತ್ತೋದು ಕಲ್ತೀನಿ. ಎಲ್ಲಾದ್ರೂ ತಪ್ಪಿದ್ರ ನನಗ ಬೈಬ್ಯಾಡ್ರಿ, ನನ್ನ ಹೆಬ್ಬಟ್ಟಿಗೆ ಬೈರಿ.

ನಾನು ಮದಿವ್ಯಾಗಿ ಬಂದಾಗ ನಮ್ಮನಿಯವ್ರು ಹೊಸಪೇಟಿಯಿಂದ ಸಂಡೂರಿಗೆ ಹೋಗೋ ದಾರ್ಯಾಗ ಸುಂಕದ ಗೇಟ್ ಕಾಯ್ತಿದ್ರು. ರಸ್ತೆಗೆ ಅಡ್ಡ ಒಂದು ಉದ್ದನ ಬೊಂಬು, ಅದರ ಬುಡಕ್ಕ ಕಲ್ಲು, ತುದಿಗೆ ಹಗ್ಗ. ಹಗ್ಗ ಬಿಟ್ರ ಬೊಂಬು ಮ್ಯಾಕ ಏಳ್ತಿತ್ತು, ಜಗ್ಗಿದ್ರ ಕೆಳಗ ಬರ್ತಿತ್ತು. ಬಾಜೂಕ ತಗಡಿನ ಶೆಡ್ಡು, ಅದರ ಹಿಂದ ನಮ್ಮ ಒಂದ ಖೋಲಿ ಮನಿ. ಗೇಟನ್ನ ಹರಾಜಿನಾಗ ಹಿಡದಾವ ಒಬ್ಬ ಗುತ್ತೇದಾರ. ಗುಡ್ಡದಿಂದ ಕಬ್ಬಿಣದ ಅದುರು ತುಂಬ್ಕೊಂಡು ಹೊಸಪೇಟಿ ಗೂಡ್ಸ್ ರೈಲಿಗೆ ಬರೋ ಲಾರಿಗೆಲ್ಲ ತಿಂಗಳ ಪಾಸ್ ಇರ್ತಿತ್ತು. ಪಾಸ್ ಅಂದ್ರ ಏನು, ನಂಬರ್. ಪಾಸಿನ ನಂಬರ್ ಆದ್ರ ಬೊಂಬು ಎತ್ತೋದು, ಅಲ್ಲಾಂದ್ರ ನಿಲ್ಸೋದು. ಮುಂಜಾನಿ ಪಾಳಿ ನಮ್ಮನಿಯವ್ರದು. ಮಧ್ಯಾಹ್ನದ ಮ್ಯಾಲೆ ಗುತ್ತೇದಾರನ ಕಡೆ ಇನ್ನೊಬ್ಬ ಬಂದು ಕುಂದ್ರತಿದ್ದ.

ಹಂಗಾಗಿ ನಮ್ಮ ಗೇಟಿನಾಗ ಮನಷಾರಿಗೆ ಹೆಸರ ಇರ್ಲಿಲ್ಲ. ಡ್ರೈವರ್ ಅಂದ್ರ ಅವನ ಲಾರಿ ನಂಬರ್. ಮೂವತ್ತಾರಕ್ಕ ಜ್ವರ ಬಂದಾವಂತ, ನಲವತ್ತರ ಮಗಳು ದೊಡ್ಡಾಕಿ ಆಗ್ಯಾಳಂತ, ಹಿಂಗ ಮಾತು. ನಮ್ಮ ನಾದ್ನಿ ಗಂಡನೂ ಅದುರು ಲಾರಿ ಹೊಡಿತಿದ್ದ. ಅವನ ನಂಬರಿನ ಕೊನಿಗೆ ಎರಡು ಒಂಬತ್ತು. ಅತ್ತಿನೂ ಒಮ್ಮೊಮ್ಮೆ ಮರತು, ಎರಡೊಂಬತ್ತು ಉಂಡಾನೋ ಇಲ್ಲೋ ಕೇಳು ಅಂತಿದ್ಲು, ತಾನ ಕಾಲು ತೊಳದು ಮಗಳ್ನ ಕೊಟ್ಟ ಅಳಿಯನ್ನ.

ಆ ವರ್ಷ ನಾದ್ನಿ ಚೊಚ್ಚಲ ಬಾಣಂತನಕ್ಕ ಬಂದಿದ್ಲು. ಸೀಮಂತದ ಕುಬಸ ಆಗಿತ್ತು. ಮೊಣಕೈ ತನಕ ಹಸರು ಬಳಿ. ದಿನಾ ಮುಂಜಾನಿ ಕಿಟಕಿ ಕೆಳಗ ಮೊರ ಹಿಡ್ಕೊಂಡು ಕುಂದ್ರತಿದ್ಲು. ಎರಡೊಂಬತ್ತು ಗೇಟಿಗೆ ಬಂದ್ರ ಒಂದು ಉದ್ದನ ಹಾರ್ನ್. ಈಕಿ ಮಾರಿ ಎತ್ತತಿರ್ಲಿಲ್ಲ. ಏನವ್ವ, ಇವತ್ತು ಅಕ್ಕ್ಯಾಗ ಹಳ್ಳು ಭಾಳ ಅದಾವೇನು ಅಂತ ನಾನು ಕಾಡ್ಸತಿದ್ದೆ. ಸುಮ್ಕಿರು ಅತ್ತಿಗಿ ಅಂತಿದ್ಲು, ಕಿವಿ ಕೆಂಪಗ ಆಗ್ತಿದ್ವು. ಸಂಜಿಕ ತಿರುಗಿ ಬರ್ತ ಅವ ಗುಡ್ಡದ ಸೀತಾಫಲ ತಂದು ನನ್ನ ಕೈಯಾಗ ಕೊಡ್ತಿದ್ದ. ಕೊಡೋದು ನನ್ನ ಕೈಗೆ, ನೋಡೋದು ಕಿಟಕಿಗೆ.

ಅವತ್ತೂ ಮುಂಜಾನಿ ಹಾರ್ನ್ ಹೊಡ್ಕೊಂಡು ಗುಡ್ಡಕ್ಕ ಹೋದ.

ಹೊತ್ತು ನೆತ್ತಿಗೆ ಬಂದಿತ್ತು. ಮ್ಯಾಲಿಂದ ಒಂದು ಲಾರಿ ಬಂತು. ಬೊಂಬು ಎತ್ತಿದ್ರೂ ಮುಂದ ಹೋಗ್ಲಿಲ್ಲ. ಡ್ರೈವರ್ ಕೆಳಗಿಳದು ತಲಿ ಮ್ಯಾಲಿನ ಟವಲ್ ತಗದ. ಎರಡೊಂಬತ್ತು ಗಣಿ ರಸ್ತೆ ತಿರುವಿನಾಗ ಬಿದ್ದೈತ್ರಿ, ಡ್ರೈವರ್ ಉಳದಿಲ್ಲ ಅಂತ ನಮ್ಮನಿಯವ್ರಿಗೆ ಹೇಳಿದ.

ಅತ್ತಿ ಬಾಗಲದಾಗ ಕುಂತು ಶೇಂಗಾ ಸುಲಿಯಾಕ ಹತ್ತಿದ್ಲು. ಕೈ ನಿಲ್ಲಿಸ್ಲಿಲ್ಲ.

"ಕಾಗಿ ಮುಟ್ಟಿರಬೇಕು ಅವಗ," ಅಂದ್ಲು. "ಸುಳ್ಳು ಸುದ್ದಿ ಕಳ್ಸ್ಯಾನ."

ನಮ್ಮ ಕಡೆ ಕಾಗಿ ತಲಿಗೆ ಬಡದ್ರ ಸಾವು ಹತ್ರ ಬಂತು ಅಂತಾರ. ಅದು ತಪ್ಪಬೇಕಂದ್ರ ನೆಂಟರಿಗೆ ಸತ್ತಾನಂತ ಸುಳ್ಳ ಹೇಳಿ ಕಳಸಬೇಕು. ಅವ್ರು ಖರೇನ ಅಂತ ತಿಳದು ಅತ್ರ ದೋಷ ಹೋತು. ಅತ್ತಿ ಅದನ್ನ ಹಿಡ್ಕೊಂಡ್ಲು. ಅಳಾಕೂ ಒಲ್ಲಳು, ಕೇಳಾಕೂ ಒಲ್ಲಳು. ಪಾಪ ಆ ಡ್ರೈವರ್ ಆಕಿ ಮುಂದ ಕುಕ್ಕರಗಾಲಿಲೆ ಕುಂತು, ಕಾಗಿ ಅಲ್ಲಬೇ ಯವ್ವಾ, ನಂಬರ್ ನಾನ ಕಣ್ಣಾರೆ ಕಂಡೀನಿ ಅಂದ. ಅವಾಗ ಶೇಂಗಾ ಕೈಯಿಂದ ಜಾರಿದ್ವು. ಅತ್ತಿ ಬಾಯಿ ಬಡ್ಕೊಂಡು ಅತ್ಲು. ನಾನೂ ಅತ್ತೆ. ಕಲ್ಲು ಒಡಿಯೋ ಮಂದಿ ಗುಡಿಸಲಾಗಿಂದ ಹೆಣ್ಮಕ್ಕಳೆಲ್ಲ ಓಡಿ ಬಂದ್ರು. ಅವನ್ನ ದಿನಾ ನೋಡಿದವ್ರ ಅವ್ರೂ, ಹಾಡಿಕೊಂಡು ಅತ್ರು.

ನಾದ್ನಿ ಮಾತ್ರ ಅಳಲಿಲ್ಲ. ಬಾಗಲ ಚೌಕಟ್ಟು ಹಿಡ್ಕೊಂಡು ರಸ್ತೆ ನೋಡ್ತ ನಿಂತ್ಲು. ಒಬ್ಬ ಮುದುಕಿ ನನ್ನ ಬಾಜೂಕ ಬಂದು, ಹೊತ್ತು ಮುಳುಗೋದ್ರಾಗ ಬಳಿ ತಗಸಬೇಕಬೇ ಅಂತ ಪಿಸಿಪಿಸಿ ಅಂದ್ಲು. ಮಾರಿ ನೋಡಲಾರದ ಒಂದು ಬಳಿ ಮುಟ್ಟಿದ್ರೂ ನಿನ್ನ ಕೈ ಮುರಿತೀನಿ ಅಂದೆ. ಬಾಯಿ ಜೋರಿನಾಕಿ ಅಂತ ನನಗ ಮೊದ್ಲ ಹೆಸರಿತ್ತು. ಮುದುಕಿ ಹಿಂದಕ ಸರದ್ಲು.

ನಮ್ಮನಿಯವ್ರು ಹಗ್ಗ ನನ್ನ ಕೈಗೆ ಕೊಟ್ಟು, ಸಿಕ್ಕ ಲಾರಿ ಹತ್ತಿ ಗುಡ್ಡಕ್ಕ ಹೋದ್ರು. ಮಧ್ಯಾಹ್ನದ ಪಾಳಿಯಾವ ಅವತ್ತು ಬರ್ಲೇ ಇಲ್ಲ, ನಾನ ಗೇಟಿನಾಗ ನಿಂತೆ. ಯಶವಂತನಗರದ ಬಸ್ಸು ಬಂತು, ಕಿಟಕ್ಯಾಗಿಂದ ಮಂದಿ ಬಗ್ಗಿ ಏನಾತಬೇ ಅಂತ ಕೇಳಿದ್ರು. ಬಿಡೋದು, ಜಗ್ಗೋದು, ಬಿಡೋದು, ಜಗ್ಗೋದು. ಕೈಗೆ ಕೆಲಸ ಇದ್ದದ್ದು ಛಲೋ ಆತು.

ಒಂದು ತಾಸು ಆಗಿರಬೇಕು. ಮ್ಯಾಲಿಂದ ಕೆಂಪು ಧೂಳು ಎಬ್ಬಿಸ್ಕೊಂಡು ಇನ್ನೊಂದು ಲಾರಿ ಬಂತು, ಬೊಂಬಿನ ಮುಂದ ನಿಂತ್ಕೊಂತು. ನಾನು ಅಕ್ಷರ ಅಷ್ಟಕ್ಕಷ್ಟ, ಅಂಕಿ ಮಾತ್ರ ಓದ್ತಿದ್ದೆ. ಮುಂದಿನ ಬೋರ್ಡ್ ಓದಿದೆ. ಕೊನಿಗೆ ಎರಡು ಒಂಬತ್ತು. ಮತ್ತ ಓದಿದೆ. ಹಗ್ಗ ಹಿಡದ ಕೈ ಬಿಡವಲ್ದು.

ಡ್ರೈವರ್ ಕಿಟಕ್ಯಾಗಿಂದ ತಲಿ ಹೊರಗ ಹಾಕಿದ.

"ಏನಕ್ಕಾ, ಎತ್ತಂಗಿಲ್ಲೇನು? ನನ್ನ ಪಾಸ್ ಮುಗೀತೇನು?"

ನಾದ್ನಿ ಗಂಡ. ಮಾರಿ ತುಂಬ ಅದುರಿನ ಧೂಳು, ಹಲ್ಲು ಅಷ್ಟ ಬೆಳ್ಳಗ. ಅವತ್ತು ಅವನ್ನ ಯಶವಂತನಗರದ ಕಡೆ ಲೋಡಿಗೆ ಕಳ್ಸಿದ್ರು. ಆ ದಾರಿನೂ ಗಣಿ ರಸ್ತೆನೂ ಕೂಡೋದು ಗೇಟಿಗಿಂತ ಒಂದೀಟು ಮ್ಯಾಲೆ, ಹಂಗಾಗಿ ಬಿದ್ದ ಲಾರಿನ ಅವ ನೋಡಿರ್ಲಿಲ್ಲ. ನಾನು ಕೈಯಿಂದ ಮನಿ ತೋರಿಸ್ದೆ. ಅವ ಓಡಿದ. ನಾದ್ನಿ ಅವನ ಅಂಗಿ ಮುಟ್ಟಿ ನೋಡಿದ್ಲು, ಮಾರಿ ಮುಟ್ಟಿ ನೋಡಿದ್ಲು, ಆಮ್ಯಾಲೆ ನೆಲಕ್ಕ ಕುಂತು, ಅಟೊತ್ತು ಅಳಲಾರದ್ದನ್ನೆಲ್ಲ ಅತ್ಲು. ಅತ್ತಿ ಉಪ್ಪು ಮೆಣಸಿನಕಾಯಿ ಇಳಿ ತಗದು ಒಲಿಗೆ ಹಾಕಿದ್ಲು. ಹಾಕ್ತ ಹಾಕ್ತ ಬೈದ್ಲು, ಹಾಳಾದವ್ನ, ಬರೋದು ಬಂದಿ, ಒಂದು ತಾಸು ಮೊದ್ಲ ಬರಬಾರ್ದಿತ್ತೇನು ಅಂತ.

ಏನಾಗೈತಿ ಅಂತ ನಾನು ಅವಗ ಬಿಡಿಸಿ ಹೇಳಿದೆ. ನಿನ್ನ ನಂಬರ ಬಿದ್ದೈತಿ ಅಂತ ಸುದ್ದಿ ಬಂತಪ್ಪ ಅಂದೆ. ನಗ್ತಾನಂತ ತಿಳಕೊಂಡಿದ್ದೆ. ಅವ ನಗಲಿಲ್ಲ. ಕಟ್ಟಿ ಮ್ಯಾಲೆ ಕುಂತು ತಲಿ ಹಿಡ್ಕೊಂಡ. ನೀರು ಕೊಟ್ರ ಕುಡೀಲಿಲ್ಲ.

ಅಷ್ಟೊತ್ತಿಗೆ ಮ್ಯಾಲಿಂದ ಹೆಣದ ಲಾರಿ ಬಂತು. ಮುಂದ ಒಬ್ಬ ಪೊಲೀಸಪ್ಪ, ಹಿಂದ ತಾಡಪತ್ರಿ ಮುಚ್ಚಿದ ಹೆಣದ ಬಾಜೂಕ ನಮ್ಮನಿಯವ್ರು. ಹೊಸಪೇಟಿ ದವಾಖಾನಿಗೆ ಒಯ್ಯೋ ದಾರ್ಯಾಗ ಹೆಂಡ್ತಿ, ಅತ್ತಿ ನೋಡ್ಲಿ ಅಂತ ಗೇಟಿನಾಗ ನಿಲ್ಸಿದ್ರು. ಇಳಿಯಾಕ ಒಂದು ಕಾಲು ಹೊರಗ ಹಾಕಿದ ನಮ್ಮನಿಯವ್ರು ಕಟ್ಟಿ ಮ್ಯಾಲೆ ಕುಂತ ತಂಗಿ ಗಂಡನ್ನ ಕಂಡು, ಆ ಕಾಲು ಹಿಂದಕ್ಕ ಎಳ್ಕೊಂಡ್ರು.

"ನಮ್ಮವ ಅಂತ ಹೇಳಿ ಬಂದೀನಲ್ಲೋ," ಅಂದ್ರು. "ಮಾರಿ ನೋಡಾಕ ಧೈರ್ಯ ಆಗ್ಲಿಲ್ಲ. ನಂಬರ್ ನೋಡ್ದೆ."

ಪೊಲೀಸಪ್ಪ ಕೆಳಗಿಳದು ಗೇಟಿನಾಗ ನಿಂತ ಎರಡೊಂಬತ್ತಿನ ಮುಂದ ಬಂದ, ಹಿಂದ ಹೋದ. ಅದ ಬೋರ್ಡು, ಅದ ಬಣ್ಣ. ಹಂಗಾರ ಇವ ಯಾರು ಅಂತ ಕೇಳಿದ.

ಲಾರಿ ಸಾವ್ಕಾರ ಮೋಟರ್ ಸೈಕಲ್ ಮ್ಯಾಲೆ ಬಂದ. ಕಾಲುವಿ ನೀರು ಬಂದ ಮ್ಯಾಲೆ ಭತ್ತ, ಕಬ್ಬು ಬೆಳದು ಲಾರಿ ತಗೊಂಡ ಮನಷಾ. ಕೆಟ್ಟವ ಅಂತ ಅಲ್ಲ. ದೀಪಾವಳಿಗೆ ನಮಗೂ ಬೆಲ್ಲ ಕಳ್ಸತಿದ್ದ. ತಾಡಪತ್ರಿ ಕಡೆ ನೋಡ್ಲಿಲ್ಲ. ನನ್ನ ಲಾರಿ ಇಲ್ಲೇ ನಿಂತೈತಲ್ರಿ, ನನ್ನ ಡ್ರೈವರೂ ಜೀವಂತ ಅದಾನ, ಆ ಲಾರಿ ಯಾರ್ದೋ, ನನ್ನ ನಂಬರ್ ಕದ್ದು ಬರಸ್ಯಾರ ಅಂದ.

ಪೊಲೀಸಪ್ಪ ನಾದ್ನಿ ಗಂಡನ್ನ ಕರದು, ನೋಡು, ಗುರ್ತು ಸಿಗ್ತೈತೇನು ಅಂದ. ಅವ ಲಾರಿ ಏರಿ ತಾಡಪತ್ರಿ ಒಂದು ಮೂಲಿ ಎತ್ತಿದ. ನೋಡಿದ, ಮತ್ತ ಮುಚ್ಚಿದ. ಕೆಳಗಿಳದು ಅಂಗಿಗೆ ಕೈ ಒರಸ್ಕೋತ ನಿಂತ. ಸಾವ್ಕಾರ ಅವನ್ನ ಒಂದ ಸವನ ನೋಡ್ತಿದ್ದ. ಅಲ್ಲಿದ್ದ ನಮಗೆಲ್ಲ ತಿಳೀತು, ಅವಗ ಗುರ್ತು ಐತಿ, ಬಾಯಿ ಬಿಟ್ರ ಕೆಲಸ ಇಲ್ಲ, ಹೆಂಡ್ತಿ ಹೊಟ್ಯಾಗ ಕೂಸೈತಿ. ಮಾತಾಡು ಅಂತ ಹೇಳಾಕ ನನ್ನ ಜೋರು ಬಾಯಿಗೂ ಆಗ್ಲಿಲ್ಲ.

ಬಸರಿ ಹೆಂಗಸು ಹೆಣದ ಮುಂದ ಬರಬಾರ್ದು ಅಂತ ಅತ್ತಿ ಬಾಗಲಕ್ಕ ಅಡ್ಡ ನಿಂತಿದ್ಲು. ನಾದ್ನಿ ಹೊರಗ ಬರ್ಲಿಲ್ಲ, ಅತ್ತಿ ಹೆಗಲ ಮ್ಯಾಲಿಂದ ಗಂಡನ್ನ ಕರದ್ಲು.

"ಈಟೊತ್ತು ನಾನು ಆಕಿ ಆಗಿದ್ನಿ. ಅವನ ಖರೇ ಹೆಂಡ್ತಿ ಎಲ್ಲೋ ಒಲಿ ಹಚ್ಕೊಂಡು ಕುಂತಾಳ, ರಾತ್ರಿಗೆ ಬರ್ತಾನಂತ. ಆಕಿಗೆ ಹೇಳಾವ್ರು ಯಾರು?"

ಅವಾಗ ಅವ ಪೊಲೀಸಪ್ಪನ ಕಡೆ ತಿರುಗಿ ಎಲ್ಲಾ ಹೇಳಿದ. ಸಾವ್ಕಾರನ ಎರಡು ಲಾರಿಗೂ ಒಂದ ನಂಬರ್. ಒಬ್ಬ ಪೇಂಟರ ಎರಡನ್ನೂ ಬರದಾನ. ಒಂದ ಪಾಸಿನಾಗ ಎರಡೂ ದಾಟ್ತಾವ, ಒಂದು ಮುಂಜಾನಿ, ಇನ್ನೊಂದು ಮಧ್ಯಾಹ್ನದ ಮ್ಯಾಲೆ. ಮಧ್ಯಾಹ್ನ ಕುಂದ್ರೋ ಆ ಇನ್ನೊಬ್ಬಗ ಇದು ಗೊತ್ತೈತಿ, ಮುಂಜಾನಿ ಗೇಟ್ ಕಾಯೋ ನಮ್ಮ ಭಾವಗ ಗೊತ್ತಿಲ್ಲ. ಸತ್ತಾವ ಕಂಪ್ಲಿ ಆಚಿ ಹಳ್ಳ್ಯಾವ, ಹೆಂಡ್ತಿ ನಾಟಿ ಹಚ್ಚಾಕ ಹೋಗ್ತಾಳ, ಎರಡು ಮಕ್ಕಳು. ಕೊನಿಗೆ ಅವನ ಹೆಸರು ಹೇಳಿದ. ನಮ್ಮ ಗೇಟಿನಾಗ ಒಬ್ಬ ಡ್ರೈವರನ ಹೆಸರು ಹಂಗ ಪೂರ್ತಿ, ಅಪ್ಪನ ಹೆಸರು ಸುದ್ದಾ ಕೇಳಿದ್ದು ಅದ ಮೊದ್ಲು. ಇಲ್ಲಿ ಬರಿಯಂಗಿಲ್ಲ, ಅದು ಅವನ ಮನಿಯವ್ರದು.

ಸಾವ್ಕಾರ ಏನೂ ಕೂಗಾಡ್ಲಿಲ್ಲ. ಕೈ ಚಾಚಿದ. ಇವ ಕಿಸೆದಾಗಿಂದ ಲಾರಿ ಕೀಲಿ ತಗದು ಕೊಟ್ಟ.

ಹೆಣ ಹೋಗುವಾಗ ಗೇಟ್ ಹಾಕಬಾರ್ದು, ಅದು ಗೇಟಿನವ್ರ ಪದ್ಧತಿ. ಲಾರಿ ಕಣ್ಣಿಗೆ ಮರಿ ಆಗೋ ತನಕ ಬೊಂಬು ಮ್ಯಾಲ ಇರಬೇಕು. ನಾನು ಹಗ್ಗ ಬಿಟ್ಟು ನಿಂತೆ. ನಮ್ಮನಿಯವ್ರು, ನಾದ್ನಿ ಗಂಡ ಇಬ್ರೂ ಹೆಣದ ಜೋಡಿ ಹೋದ್ರು. ದವಾಖಾನ್ಯಾಗ ನಮ್ಮನಿಯವ್ರು ಉಳದ್ರು, ನಾದ್ನಿ ಗಂಡ ಕಂಪ್ಲಿ ಬಸ್ ಹತ್ತಿದ. ಸತ್ತಾವನ ಹೆಂಡ್ತಿ ಗದ್ದ್ಯಾಗ ಇದ್ಲಂತ. ದೂರದಿಂದ ಇವನ್ನ ಕಂಡು, ಕೈಯಾಗಿನ ಸಸಿ ಕಟ್ಟು ಕೆಳಗಿಡ್ಲಾರದ ಬದುವಿಗೆ ಬಂದ್ಲಂತ. ಏನು ಹೇಳಿದ, ಹೆಂಗ ಹೇಳಿದ, ಅದನ್ನ ಅವ ಯಾವತ್ತೂ ನಮಗ ಹೇಳ್ಲಿಲ್ಲ.

ಆಮ್ಯಾಲೆ ಅವಗ ಅದುರು ಲಾರಿ ಯಾರೂ ಕೊಡ್ಲಿಲ್ಲ. ಭಾಳ ದಿನ ಖಾಲಿ ಕುಂತ. ಮುಂದ ಕಬ್ಬಿನ ಟ್ರ್ಯಾಕ್ಟರ್ ಹೊಡ್ದ. ಗುತ್ತೇದಾರ ಮಧ್ಯಾಹ್ನದ ಆ ಇನ್ನೊಬ್ಬನ್ನ ಬಿಡಿಸಿ, ಎರಡೂ ಪಾಳಿ ನಮ್ಮನಿಯವ್ರಿಗೆ ಹಚ್ಚಿದ. ಅವ್ರು ಅವತ್ತಿಂದ ಪ್ರತಿ ಲಾರಿ ನಿಲ್ಸಿ, ಒಳಗ ಬಗ್ಗಿ ಡ್ರೈವರನ ಮಾರಿ ನೋಡಿ ಬೊಂಬು ಎತ್ತತಿದ್ರು. ಲೇ, ಗೇಟಿನಾವ ಹೆಣ್ಣು ನೋಡಾಕ ಹತ್ಯಾನ ಅಂತ ಡ್ರೈವರ್‌ಗಳು ಚಾಷ್ಟಿ ಮಾಡಿದ್ರು. ಮಾಡ್ಲಿ ಅಂತಿದ್ರು.

ದಿನ, ಕರ್ಮ ಎಲ್ಲಾ ಮುಗಿಸ್ಕೊಂಡು ಆ ಕಂಪ್ಲಿ ಕಡೆಯಾಕಿ ಒಂದು ದಿನ ಗೇಟಿಗೆ ಬಂದ್ಲು. ಬಿದ್ದ ಜಾಗ ನೋಡಬೇಕ್ರಿ ಅಂದ್ಲು. ನಮ್ಮನಿಯವ್ರು ಜೋಡಿ ಹೋಗಿ ತೋರಿಸ್ಕೊಂಡು ಬಂದ್ರು. ತಿರುಗಿ ಬಂದು ಕಟ್ಟಿ ಮ್ಯಾಲೆ ಕುಂತ್ಲು. ಸಣ್ಣ ಹೆಂಗಸು, ನನ್ನ ವಯಸ್ಸಿನಾಕಿ, ಪಾದದ ಸೀಳಿನಾಗ ಇನ್ನಾ ಗದ್ದಿ ಮಣ್ಣು ಇತ್ತು. ನಾದ್ನಿ ಬಳಿಗೈ ಸೆರಗಿನಾಗ ಮುಚ್ಕೊಂಡು ಮೂಲ್ಯಾಗ ನಿಂತ್ಲು. ಅತ್ತಿ ಅನ್ನ, ಮಜ್ಜಿಗಿ ಹಾಕಿ ತಟ್ಟಿ ಇಟ್ಲು. ಆಕಿ ಮುಟ್ಟಲಿಲ್ಲ. ಉಣ್ಣವ್ವ ಅಂದ್ರೂ ಇಲ್ಲ.

ಆಮ್ಯಾಲೆ ಕೇಳಿದ್ಲು.

"ಅವಗ ಇಲ್ಲಿ ಯಾರಾದ್ರೂ ಅತ್ರೇನ್ರಿ? ನಾ ಹೋಗೋದ್ರಾಗ ಎಲ್ಲಾ ಆಗಿತ್ತು. ದವಾಖಾನ್ಯಾಗ ಒಬ್ಬವ್ರೂ ಅಳೋರು ಇರ್ಲಿಲ್ಲ."

ನಾನು ಅತ್ತಿ ಮಾರಿ ನೋಡಿದೆ. ಅತ್ತಿ ಆಕಿ ಬಾಜೂಕ ಹೋಗಿ ಕುಂತ್ಲು.

"ಅತ್ತೀವವ್ವ," ಅಂದ್ಲು. "ಬಾಯಿ ಬಡ್ಕೊಂಡು ಅತ್ತೀವಿ. ನಾನು, ನನ್ನ ಸೊಸಿ, ಆ ಗುಡಿಸಲ ಹೆಣ್ಮಕ್ಕಳು ಎಲ್ಲಾರು. ಮನಿ ಮಗನಿಗೆ ಅತ್ತಂಗ ಅತ್ತೀವಿ."

ಆಕಿ ಒಂದು ಗಳಿಗಿ ರಸ್ತೆ ಕಡೆ ನೋಡಿದ್ಲು. ಆಮ್ಯಾಲೆ ತಟ್ಟಿ ಮುಂದಕ ಎಳ್ಕೊಂಡ್ಲು.