ಪಲ್ಟನ್ನಿನ ಪಾದ್ರಿ ಜಯಶೀಲರು

ಶಿವನಸಮುದ್ರದ ಕರೆಂಟು ಕಾಲೊನಿಯಲ್ಲಿ ಲೂಥರನ್ ಕ್ರೈಸ್ತರ ಮನೆ ಒಂದೇ ಇತ್ತು. ಕೋಲಾರದ ಗಣಿ ಕಡೆಯಿಂದ ಬಂದು ವಿದ್ಯುದಾಗಾರ ಸೇರಿದ್ದ ತಂದೆ ಭಾನುವಾರ ಬೈಬಲ್ ಓದುತ್ತಿದ್ದರು. ಕೇಳುವವನು ಮಗ ಜಯಶೀಲ ಒಬ್ಬನೇ. ಜನ ತುಂಬಿದ ಚರ್ಚನ್ನು ಅವನು ಮೊದಲು ಕಂಡದ್ದು ಬೆಂಗಳೂರಿಗೆ ದೇವಶಾಸ್ತ್ರ ಕಲಿಯಲು ಹೋದಾಗ. ಪಾದ್ರಿಯಾಗಿ ಸೈನ್ಯ ಸೇರಿದ. ಪಲ್ಟನ್ನಿನಲ್ಲಿ ಪೂಜೆ, ಪ್ರಾರ್ಥನೆಗೆ ಹಿಂದೂ ಸಿಪಾಯಿಗಳಿಗೆ ಪಂಡಿತರು, ಕ್ರೈಸ್ತರಿಗೆ ಜಯಶೀಲರು.

ಎಪ್ಪತ್ತೊಂದರ ಯುದ್ಧದಲ್ಲಿ, ಗಾಯಾಳುಗಳ ಡೇರೆಯೊಳಗೆ ಯಾರೋ ಕನ್ನಡದಲ್ಲಿ ನರಳುವುದು ಅವರಿಗೆ ಕೇಳಿಸಿತು. ಮಳವಳ್ಳಿ ಕಡೆಯ ಸಿಪಾಯಿ ಪುಟ್ಟರಾಜು, ಬೇರೆ ಪಲ್ಟನ್ನಿನವನು. ಪಂಡಿತರು ಹೊಳೆಯಾಚೆ ಇದ್ದರು.

“ಮಾದಪ್ಪನ್ನ ಕರೀರಿ ಸಾಮಿ, ನಂಗೆ ಬಾಯಿ ತಿರುಗ್ತಿಲ್ಲ.”

ಜಯಶೀಲರು ಅವನ ಕಿವಿಗೆ ಬಾಗಿ, ಉಸಿರು ನಿಲ್ಲುವವರೆಗೂ ಅವನ ಮನೆದೇವರ ಹೆಸರು ಹಿಡಿದು “ಮಾದಪ್ಪ, ಮಾದಪ್ಪ” ಎಂದರು.

ಎಪ್ಪತ್ತನಾಲ್ಕರಲ್ಲಿ ನಿವೃತ್ತರಾಗಿ ಬಂದಾಗ ತಂದೆ ಇರಲಿಲ್ಲ. ಮದುವೆಯೂ ಆಗಿರಲಿಲ್ಲ. ಮಳವಳ್ಳಿಯಲ್ಲಿ ಒಂದು ಕೋಣೆ ಹಿಡಿದರು. ಚರ್ಚೊಂದಕ್ಕೆ ಪಾದ್ರಿ ಬೇಕೆಂದು ಸಭೆಯ ಹಿರಿಯರು ಕರೆಸಿ, ಸೈನ್ಯದ ಸೇವೆಯ ಬಗ್ಗೆ ವಿಚಾರಿಸಿದರು. ಜಯಶೀಲರು ಪುಟ್ಟರಾಜುವಿನ ವಿಷಯವನ್ನೂ ಮುಚ್ಚಿಡಲಿಲ್ಲ.

“ನೀವು ನಮ್ಮ ಪ್ರಾರ್ಥನೆ ಮಾಡಬಹುದಿತ್ತಲ್ಲ?”

“ಮನಸ್ಸಿನಲ್ಲಿ ಮಾಡಿದೆ. ಅವನು ಕೇಳಿದ್ದು ಆ ಹೆಸರು.”

ಹೇಳಿಕಳಿಸುತ್ತೇವೆ ಎಂದವರು ಹೇಳಿಕಳಿಸಲಿಲ್ಲ. ಅಂದಿನಿಂದ ಭಾನುವಾರ ಕೋಣೆಯಲ್ಲೇ ಆರಾಧನೆ. ಪಾದ್ರಿಯ ಮಾತನ್ನೂ ಸಭೆಯ ಉತ್ತರವನ್ನೂ ತಾವೇ ಹೇಳಿಕೊಳ್ಳುತ್ತಿದ್ದರು.

ಪುಟ್ಟರಾಜುವಿನ ಮನೆಗೆ ಹೋಗಲು ಬಹಳ ಕಾಲ ಅಳುಕಿದರು. ಕೊನೆಗೆ ಹೋದಾಗ ತಾಯಿ ಚಿಕ್ಕಬೋರಮ್ಮ ರಾಗಿ ಕೇರುತ್ತಿದ್ದಳು. ಎಲ್ಲ ಕೇಳಿ ಮೊರ ಕೆಳಗಿಟ್ಟಳು.

“ನೀವು ಯಾವ ದೇವ್ರ ಕಡೆಯೋರು?”

“ಯೇಸುವಿನ ಕಡೆಯೋನು ಕಣಮ್ಮ.”

“ಇರ್ಲಿ ಬುಡಿ. ನನ್ ಮಗ ಒಂಟಿಯಾಗಿ ಓಗ್ನಿಲ್ವಲ್ಲ.” ಅವರಿಗೆ ಕೂರಲು ಚಾಪೆ ಹಾಸುತ್ತಾ ಕೇಳಿದಳು, “ಅಲ್ಲಿ ಅವ್ನಿಗೆ ಮುದ್ದೆ ಸಿಕ್ತಿತ್ತಾ? ನಗ್ತಾ ಇದ್ನಾ?”

ಜಯಶೀಲರಿಗೆ ಗೊತ್ತಿರಲಿಲ್ಲ. ಅವರು ಅವನನ್ನು ಕಂಡದ್ದು ಅದೊಂದೇ ಗಳಿಗೆ.

ಅವನನ್ನು ಬಲ್ಲವರು ಯಾರಿದ್ದಾರೆಂದು ವಿಚಾರಿಸುತ್ತಾ ಹೋದರು. ಪುಟ್ಟರಾಜುವಿನ ಪಲ್ಟನ್ನಿನಲ್ಲಿದ್ದ ಶಿವಣ್ಣ ಮದ್ದೂರಿನಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ. ಒಂದು ದಿನ ಅಂಗಡಿ ಮುಚ್ಚಿಸಿ ಅವನನ್ನು ಚಿಕ್ಕಬೋರಮ್ಮನ ಮನೆಗೆ ಕರೆತಂದರು.

“ಮುದ್ದೆ ಬೇಕು ಅಂತ ಅಡುಗೆಯೋನ ತಲೆ ತಿಂತಿದ್ದ ಕಣವ್ವ,” ಎಂದ ಶಿವಣ್ಣ. ಚಿಕ್ಕಬೋರಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು, ಆಮೇಲೆ ಅತ್ತಳು, ಇನ್ನೂ ಹೇಳು ಎಂದಳು. ನೆರೆಯವರೂ ಬಂದು ಕೂತರು. ಮಧ್ಯಾಹ್ನವೆಲ್ಲ ಅದೇ ಮಾತು.

ಜಗಲಿಯ ಮೂಲೆಯಲ್ಲಿ ಕೂತಿದ್ದ ಜಯಶೀಲರ ಕೆಲಸ ಮುಗಿದಿತ್ತು. ಮೆಲ್ಲಗೆ ಎದ್ದು ಚಪ್ಪಲಿ ಮೆಟ್ಟಿಕೊಂಡರು. ಅವರು ಹೊರಟದ್ದನ್ನು ಯಾರೂ ಗಮನಿಸಲಿಲ್ಲ. ಕಬ್ಬಿನ ಗದ್ದೆಗಳ ನಡುವಿನ ದಾರಿಯಲ್ಲಿ ನಡೆದು, ಸಂಜೆಯ ಬಸ್ಸಿಗೆ ಕಾಯುತ್ತಾ ನಿಂತರು.