ಮೂರ್ತೆಯವರಿಗೆ ಬಡಿಸಿದ ಫ್ರಾನ್ಸಿನ ವೈನ್

ಸೌದಿಯ ರಿಯಾದಿನಲ್ಲಿ ನನ್ನ ಅಳಿಯನ ಮನೆಯಲ್ಲಿ ದೇವರ ಫೋಟೋ ಕಪಾಟಿನ ಒಳಗಿತ್ತು. ಅದರ ಹಿಂದೆ ಒಂದು ವೈನ್ ಬಾಟಲಿ. ಎರಡನ್ನೂ ಹೊರಗೆ ಇಡುವ ಹಾಗಿಲ್ಲ.

ಮಗಳ ಬಾಣಂತನಕ್ಕೆಂದು ಹೋದವಳು ನಾನು. ಬಾಟಲಿಯ ಕತೆ ಮೊದಲ ವಾರದಲ್ಲೇ ತಿಳಿಯಿತು. ಆಫೀಸಿನ ಬಿಳಿ ಸಾಹೇಬ ಊರಿಗೆ ಹೋಗುವಾಗ ಕೊಟ್ಟದ್ದಂತೆ, ಫ್ರಾನ್ಸಿನ ಕೆಂಪು ವೈನ್, ಭಾರೀ ಬೆಲೆಯದ್ದು. ಸಿಕ್ಕಿಬಿದ್ದರೆ ಕೆಲಸ ಹೋಯಿತು, ಅಲ್ಲಿರುವ ಪರವಾನಗಿ ಇಕಾಮಾ ಹೋಯಿತು, ಜೈಲು ನೋಡಿಕೊಂಡು ಊರಿಗೆ. ಗೊತ್ತಿದ್ದೂ ಅಳಿಯ ಇಟ್ಟುಕೊಂಡಿದ್ದ. ಬಡ್ತಿ ಸಿಕ್ಕಿದ ದಿನ ತೆಗೆಯುವುದಂತೆ.

ಶುಕ್ರವಾರ ಮಧ್ಯಾಹ್ನ ಅವನ ಇಬ್ಬರು ಸ್ನೇಹಿತರು ಊಟಕ್ಕೆ ಬರುತ್ತಿದ್ದರು. ಕಿಟಕಿಯ ಪರದೆ ಎಳೆದು ಬಾಟಲಿ ತರುತ್ತಿದ್ದ. ಕೂಸನ್ನು ಹಿಡಿದ ಹಾಗೆ ಎರಡೂ ಕೈಯಲ್ಲಿ. ಸ್ವಂತ ಕೂಸನ್ನು ಹಾಗೆ ಹಿಡಿದದ್ದು ನಾನು ಕಾಣಲಿಲ್ಲ.

ಬಾಟಲಿಯ ಚೀಟಿಯ ಮೇಲೆ ಒಂದು ದೊಡ್ಡ ಮನೆಯ ಚಿತ್ರ, ಅದರ ಎದುರು ಸಾಲು ಸಾಲು ದ್ರಾಕ್ಷಿ ಬಳ್ಳಿ. ಅದನ್ನು ತೋರಿಸಿ ಪಾಠ ಶುರು. ಅಜ್ಜನ ಅಜ್ಜನ ಕಾಲದಿಂದ ಒಂದೇ ಮನೆತನದ ಎಸ್ಟೇಟು. ಯಜಮಾನನಿಗೆ ಒಂದೊಂದು ಬಳ್ಳಿಯ ಗುಣವೂ ಗೊತ್ತು. ಹಣ್ಣು ಕೈಯಲ್ಲೇ ಕೊಯ್ಯುವುದು, ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಇಡುವುದು.

"ಅದು ಕುಡಿಯುವ ಸಾಮಾನಲ್ಲ ಮಾರಾಯ, ಕಲೆ" ಅಂದ ಅಳಿಯ.

ನಾನು ಅಡುಗೆಮನೆಯ ಬಾಗಿಲಲ್ಲಿ ಕೂತು ಅಲಸಂಡೆ ಮುರಿಯುತ್ತಿದ್ದೆ. ಒಬ್ಬ ಸ್ನೇಹಿತ ಕೇಳಿದ, "ನಿಮ್ಮ ಮಾವನವರು ಊರಲ್ಲಿ ಎಂತ ಮಾಡ್ತಾ ಇದ್ರು?"

"ತೆಂಗಿನ ತೋಟ ಇತ್ತು" ಅಂದ ಅಳಿಯ.

ಮಗಳು ಅಲ್ಲೇ ನೀರು ಬಡಿಸುತ್ತಿದ್ದಳು. "ಹೌದು, ದೊಡ್ಡ ತೋಟ" ಅಂದಳು.

ತೋಟ ಇತ್ತು, ಬೇರೆಯವರದ್ದು. ನನ್ನ ಗಂಡ ಅದರ ಮರ ಹತ್ತುತ್ತಿದ್ದರು. ಮೂರ್ತೆ ಅವರ ಕೆಲಸ, ಕಳ್ಳು ಇಳಿಸುವುದು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಯಾವ ಮರ ಸಿಹಿ ಕೊಡುತ್ತದೆ, ಯಾವುದು ಬೇಗ ಹುಳಿಯುತ್ತದೆ, ಅವರಿಗೂ ಒಂದೊಂದು ಮರದ ಗುಣ ಗೊತ್ತಿತ್ತು. ಅದನ್ನು ಯಾರೂ ಕಲೆ ಅನ್ನಲಿಲ್ಲ. ಮದುವೆ ಮಾತಿಗೆ ಬಂದಾಗ ಅಳಿಯನ ಮನೆಯವರು ನಮ್ಮಲ್ಲಿ ಒಂದು ಲೋಟ ನೀರು ಸಹ ಕುಡಿಯಲಿಲ್ಲ. ನನ್ನ ಗಂಡ ಕಡೆಗೆ ಮರದಿಂದ ಬಿದ್ದೇ ಸತ್ತರು. ಆ ಕಳ್ಳಿನ ದುಡ್ಡಲ್ಲೇ ಮಗಳು ಕಾಲೇಜಿಗೆ ಹೋದದ್ದು. ಇಷ್ಟು ಗೊತ್ತಿರುವವಳು "ದೊಡ್ಡ ತೋಟ" ಅಂದಳು.

ಸತ್ತವರಿಗೆ ಮಳೆಗಾಲದ ಆಟಿ ತಿಂಗಳಲ್ಲಿ ಬಡಿಸುವುದು ನಮ್ಮಲ್ಲಿ ಕ್ರಮ. ಎಲೆ ಹಾಕಿ, ಕೋಳಿ ಸಾರು, ನೀರುದೋಸೆ, ಬದಿಯಲ್ಲಿ ಅವರಿಗೆ ಇಷ್ಟದ ಕುಡಿತ ಇಟ್ಟು, ಬಾಗಿಲು ಎಳೆದು ಸ್ವಲ್ಪ ಹೊತ್ತು ಹೊರಗಿರಬೇಕು. ಆಮೇಲೆ ಅದನ್ನೇ ಮನೆಯವರು ಉಣ್ಣುವುದು.

ನಾನಲ್ಲಿದ್ದಾಗಲೇ ಆಟಿ ಬಂತು. ಬಾಳೆಎಲೆ ಮಲಬಾರಿಯ ಅಂಗಡಿಯಲ್ಲಿ ಸಿಕ್ಕಿತು. ಕಳ್ಳು ಎಲ್ಲಿಂದ ತರುವುದು?

"ಅಮ್ಮ, ಪೆಪ್ಸಿ ಇಡಿ ಸಾಕು" ಅಂದಳು ಮಗಳು.

"ನಿನ್ನ ಅಪ್ಪ ಪೆಪ್ಸಿ ಇಳಿಸುತ್ತಿದ್ದರಾ?" ಅಂದೆ.

ಅವಳು ಮಗುವಿಗೆ ಹಾಲು ಕೊಡಲು ಕೋಣೆಗೆ ಹೋದಾಗ ಕಪಾಟಿನಿಂದ ಬಾಟಲಿ ತೆಗೆದೆ. ಬಿರಡೆ ಎಳೆಯುವ ಸಾಮಾನು ಆ ಊರಲ್ಲಿ ಯಾರ ಮನೆಯಲ್ಲಿ ಇರುತ್ತದೆ? ಸೌಟಿನ ಹಿಡಿಯಿಂದ ಒಳಗೇ ದೂಡಿದೆ. ಒಂದು ಹನಿ ನಾಲಿಗೆಗೆ ಹಾಕಿ ನೋಡಿದೆ. ಗೇರುಹಣ್ಣಿನ ಹಾಗೆ ಒಗರು, ಆಮೇಲೆ ಮೆಲ್ಲ ಸಿಹಿ. ಮಾಡಿದವನಿಗೆ ಕೆಲಸ ಗೊತ್ತಿದೆ, ಸುಳ್ಳು ಯಾಕೆ ಹೇಳಬೇಕು. ಗ್ಲಾಸು ತುಂಬಿಸಿ ಬಾಟಲಿ ಸಮೇತ ಎಲೆಯ ಬದಿಯಲ್ಲಿಟ್ಟು ಬಾಗಿಲು ಎಳೆದೆ.

ಅಳಿಯ ಊಟಕ್ಕೆ ಬಂದವನು ನೇರ ಆ ಬಾಗಿಲು ತೆಗೆದ. ಬಾಟಲಿ ನೋಡಿ ಬೊಬ್ಬೆ ಹೊಡೆಯಲಿಕ್ಕೆ ಬಾಯಿ ತೆರೆದ, ಮುಚ್ಚಿದ. ಗೋಡೆಯ ಆಚೆ ಬೇರೆ ಸಂಸಾರ. ಹಲ್ಲು ಕಚ್ಚಿ ಪಿಸುಗುಟ್ಟಿದ, "ಇದು ಯಾರು ತೆಗೆದದ್ದು?"

"ಅಮ್ಮನಿಗೆ ಗೊತ್ತಾಗಲಿಲ್ಲರೀ, ಸಾರಿಗೆ ಹಾಕುವ ವಿನೆಗರ್ ಅಂತ ಎಣಿಸಿದ್ರು" ಅಂದಳು ಮಗಳು.

ನನ್ನನ್ನು ದಡ್ಡಿ ಮಾಡಿದ್ದಕ್ಕೆ ಬೇಸರವಿಲ್ಲ. ಎಲೆ ಯಾರದ್ದು ಅಂತ ಅವಳು ಹೇಳಲಿಲ್ಲ.

"ವಿನೆಗರ್ ಅಲ್ಲ ಅಂತ ನನಗೆ ಗೊತ್ತು. ನಿಮ್ಮ ಮಾವನಿಗೆ ಬಡಿಸಿದ್ದು. ಮೂರ್ತೆ ಮಾಡಿ ನಿಮ್ಮ ಹೆಂಡತಿಯನ್ನು ಸಾಕಿದವರಿಗೆ" ಅಂದೆ, ಜೋರಾಗಿಯೇ.

"ಮೆಲ್ಲ, ಅತ್ತೆ, ಮೆಲ್ಲ!"

ಅವನು ಹೆದರಿದ್ದು ವೈನಿಗೋ ಮೂರ್ತೆಗೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಎಲೆಯ ಬದಿಯ ಗ್ಲಾಸನ್ನು ಎತ್ತಿ ಸಿಂಕಿಗೆ ಸುರಿದ. ಬಾಟಲಿಯಲ್ಲಿ ಉಳಿದದ್ದನ್ನು ಅಲ್ಲೇ ನಿಂತು, ಬಿರಡೆಯ ಚೂರು ಉಗುಳುತ್ತಾ ಕುಡಿದ. ಕಲೆ ಅಂತೆ.

ಮಗಳು ಆ ಗ್ಲಾಸನ್ನು ಸೋಪು ಹಾಕಿ ಎರಡು ಸಲ ತೊಳೆದಳು. "ವಾಸನೆ ಹೋಗಬೇಕಲ್ಲ ಅಮ್ಮ" ಅಂದಳು. ಅಪ್ಪ ಮರ ಇಳಿದು ಬಂದಾಗ ಆ ಹುಳಿ ವಾಸನೆಯ ಮೈಗೇ ಓಡಿಹೋಗಿ ಅಂಟಿಕೊಳ್ಳುತ್ತಿದ್ದವಳು ಇವಳೇ. ನನ್ನ ಟಿಕೆಟು ಹದಿನೈದು ದಿನ ಮುಂಚೆ ಮಾಡಿಸು ಅಂದೆ. ಅವಳು ಕೈ ಒರೆಸಿಕೊಂಡು ಫೋನಿನಲ್ಲಿ ತಾರೀಕು ನೋಡಿದಳು.